ಗಾಜಿನೊಳಗಿನ ಅರಿಶಿನ

ಆದೋನಿ
೬ ಫೆಬ್ರುವರಿ ೧೯೫೭

ಗಾದಿಲಿಂಗಪ್ಪನಿಗೆ, ನಿನ್ನ ಅಕ್ಕ ವೆಂಕಮ್ಮನ ಕೈಹಿಡಿದ ನರಸಪ್ಪ ಎದೆ ಹಿಡಿದುಕೊಂಡು ಬರೆಯುವುದು.

ಕ್ಷೇಮದ ಮಾತು ಕೊನೆಗಿರಲಿ, ಮೊದಲು ಬೈಗುಳ. ಕುರಿ ವ್ಯಾಪಾರದ ಸುಂಕಣ್ಣ ನಿನ್ನ ಕಾಗದವನ್ನೂ ನಿನ್ನ ಗಾಳದ ಕೋಲನ್ನೂ ತಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಹಾಕಿದ. ನಾಟಕದ ಗದೆ, ಭುಜಕೀರ್ತಿ, ಕಿರೀಟಗಳ ನಡುವೆ ಅದು ಸತ್ತ ಹಾವಿನಂತೆ ಬಿದ್ದಿತ್ತು. ಎರಡು ವರ್ಷದ ಹಿಂದೆ ನಾನೇ ಬಿದಿರು ಆರಿಸಿ ಮಾಡಿಕೊಟ್ಟ ಕೋಲು. ದಾರ ಹಾಯುವ ಉಂಗುರಗಳನ್ನು ರೇಷ್ಮೆ ನೂಲಿನಿಂದ ಬಿಗಿದು, ಮೇಲೆ ವಾರ್ನಿಷ್ ಬಳಿದಿದ್ದೆ. ಆ ವಾರ್ನಿಷ್ ಈಗ ನೀರು ಕುಡಿದು ಬೆಳ್ಳಗೆ ಬೂಸಲು ಹಿಡಿದಂತಾಗಿದೆ. ಉಂಗುರಗಳು ಮುದುಕನ ಹಲ್ಲಿನಂತೆ ಅಲ್ಲಾಡುತ್ತಿವೆ.

ಸರಿಮಾಡಿ ಕೊಡಬಹುದಿತ್ತು, ಕೆರೆಯ ದಂಡೆಯಲ್ಲಿ ಕುಳಿತು ಸಣ್ಣ ಮೀನು ಹಿಡಿಯುವವನಿಗೆ. ನೀನು ಬರೆದಿರುವುದೇನು? ‘ಕರಿಮಡುವಿನ ಬಾಳೆ ಮೀನಿಗೆ ತಡೆಯುವಂಥ ಕೋಲು ಬೇಕು.’ ಕರಿಮಡು ಎಂಬ ಹೆಸರಿಗೆ ಬಂದ ಕಣ್ಣು ಅಲ್ಲಿಯೇ ನಿಂತುಬಿಟ್ಟಿತು. ಒಳಗಿನಿಂದ ನಿನ್ನ ಅಕ್ಕ, “ಏನು ಬರದಾನ ನನ್ನ ತಮ್ಮ? ಬಾಯಿಬಿಟ್ಟು ಓದ್ರಿ. ಕಂಪನ್ಯಾಗ ಮೂರು ಊರಿಗೆ ಕೇಳಂಗ ಕೂಗ್ತಿದ್ರಿ, ಈಗ ದನಿ ಎಲ್ಲಿ ಅಡವಿಟ್ರಿ?” ಎಂದಳು. ನಾನು ಕಾಗದ ಮಡಿಸಿ ಗದೆಯ ಕೆಳಗೆ ಸೇರಿಸಿದೆ.

ನಿನಗೆ ಗೊತ್ತಿರುವುದೇ, ಆದರೂ ಕೇಳು. ನಮ್ಮ ನಾಟಕ ಕಂಪನಿಯಲ್ಲಿ ಬಜಾರಪ್ಪ ಸೋತ ರಾಜನಾಗಿ ಸರೋವರದಲ್ಲಿ ಅಡಗುತ್ತಿದ್ದ. ನಾನು ಗದೆ ಹೊತ್ತು ದಡದಲ್ಲಿ ನಿಂತು ಕರೆಯುತ್ತಿದ್ದೆ: “ನೀರಿನಲ್ಲಿ ಅವಿತವನೇ, ಹೆಸರು ಹಿಡಿದು ಕರೆಯುತ್ತಿದ್ದೇನೆ, ಎದ್ದು ಬಾ.” ಮೂರನೆಯ ಕೂಗಿಗೆ ನೀಲಿ ಪರದೆ ಸರಿಸಿಕೊಂಡು ಅವನು ಏಳುತ್ತಿದ್ದ. ಮುಂದೆ ಕುಳಿತ ಮಕ್ಕಳು ತಾಯಂದಿರ ಸೆರಗು ಹಿಡಿಯುತ್ತಿದ್ದವು. ನಿಮ್ಮೂರಿನ ಆಟ ಮುಗಿಸಿ ಹೊಳೆ ದಾಟುವಾಗ ಕರಿಮಡುವಿನ ಸುಳಿ ನಮ್ಮ ಹರಿಗೋಲನ್ನು ಮಗುಚಿತು. ಎಲ್ಲರೂ ಎದ್ದೆವು, ಬಜಾರಪ್ಪ ಏಳಲಿಲ್ಲ. ದಡದಲ್ಲಿ ನಿಂತು ಅದೇ ಮಾತಿನಲ್ಲಿ ಕೂಗಿದೆ. ಬೇರೆ ಮಾತು ಬಾಯಿಗೆ ಬರಲಿಲ್ಲ. ಮೂರು ಸಲ ಕೂಗಿದೆ. ನೀರು ಬಾಯಿ ಮುಚ್ಚಿಕೊಂಡೇ ಇತ್ತು. ಹೆಣವೂ ಸಿಗಲಿಲ್ಲ.

ಅಂದಿನಿಂದ ನನ್ನಲ್ಲೊಂದು ಭಯ ಮನೆಮಾಡಿದೆ. ಅವನು ಏಳಲಿಲ್ಲ ಎಂಬುದಲ್ಲ. ಇನ್ನೊಮ್ಮೆ ಅಲ್ಲಿ ಕೂಗಿದರೆ ಎದ್ದು ಬಂದುಬಿಟ್ಟಾನು ಎಂಬುದು. ಅದಕ್ಕೇ ಕಂಪನಿ ಬಿಟ್ಟೆ, ಹೊಳೆ ಬಿಟ್ಟೆ, ಒಣ ಊರಿನಲ್ಲಿ ಗದೆ ಮಾಡಿಕೊಂಡು ಕುಳಿತೆ.

ಮೀನು ಬೇಕಾದರೆ ಸಂತೆಯಲ್ಲಿ ಕೊಳ್ಳು. ಆ ನೀರಿಗೆ ನನ್ನ ಕೈಯಿಂದ ಕೋಲು ಹೋಗುವುದಿಲ್ಲ. ಇಲ್ಲಿ ಕ್ಷೇಮ.

ನಿನ್ನ ಭಾವ
ನರಸಪ್ಪ


ನಾಗಲದಿನ್ನೆ
೧೫ ಫೆಬ್ರುವರಿ ೧೯೫೭

ಭಾವನವರಿಗೆ ಗಾದಿಲಿಂಗಪ್ಪನ ಶರಣು.

ನಿಮ್ಮ ಕಾಗದ ಓದಿ ನಗಲಿಲ್ಲ. ಹರಿಗೋಲು ನಡೆಸಿ ಉಣ್ಣುವವನು ಹೊಳೆಗೆ ಹೆದರಿದವರನ್ನು ನೋಡಿ ನಗುವುದಿಲ್ಲ.

ಕೋಲು ನನ್ನ ಚಪಲಕ್ಕಲ್ಲ, ರಾಮಲಕ್ಷ್ಮಿಗಾಗಿ. ಮಗಳು ಮನೆಗೆ ಬಂದಿದ್ದಾಳೆ, ಬಸುರಿಗೆ ಐದನೆಯ ತಿಂಗಳು ಹಿಡಿದಿದೆ. ಹಿಂದಿನ ಎರಡೂ ಆರನೆಯ ತಿಂಗಳು ದಾಟಲಿಲ್ಲ, ನಿಮಗೆ ಗೊತ್ತು. ಎರಡು ಸಲವೂ ದೇವನಕೊಂಡದ ಅತ್ತೆಮನೆಯಲ್ಲಿ ಹೊಳೆಯ ಬಾಳೆ ಮೀನು ಬೇಕೆಂದು ಬಯಸಿದ್ದಳಂತೆ. ಅದು ಮಳೆ ನಂಬಿದ ಸೀಮೆ, ಸಂತೆಯ ಒಣಮೀನು ತಂದುಕೊಟ್ಟರು. ಈಗ ಮತ್ತೆ ಅದೇ ಬಯಕೆ. ನಮ್ಮಮ್ಮ ಅನ್ನ ಬಿಟ್ಟು ಕುಳಿತಿದ್ದಾಳೆ. “ಬಸುರಿ ಬಾಯಿ ಕಟ್ಟಿದ್ರ ಹೊಟ್ಯಾಗಿನದು ಮುನಿಸಿಕೊಂಡು ಹೋಕ್ಕೈತಿ. ಎಲ್ಡು ಹೋದ್ವು. ಈ ಸಲ ಹೊಳೀ ದಂಡ್ಯಾಗ ಕುಂತು ಆಕಿ ಬಾಯಿ ಕಟ್ಟಿದ್ರ, ಗಾದಿ, ನಿನ್ನ ಕೈಯಾಗ ನಾ ನೀರು ಕುಡ್ಯಾಂಗಿಲ್ಲ” ಎನ್ನುತ್ತಾಳೆ. ನಾನು ಅದನ್ನು ನಂಬುತ್ತೇನೋ ಇಲ್ಲವೋ, ಮಗಳು ನಂಬುತ್ತಾಳೆ. ಬೆಳಿಗ್ಗೆ ಎದ್ದೊಡನೆ ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನದು ಅಲ್ಲಾಡುವವರೆಗೆ ಉಸಿರು ಬಿಗಿಹಿಡಿಯುತ್ತಾಳೆ.

ಮೇಲೆ ಆಣೆಕಟ್ಟು ಆದಮೇಲೆ ಇಲ್ಲಿಯ ಹೊಳೆ ಬೇರೆಯಾಗಿದೆ, ಭಾವ. ಎಲ್ಲೋ ಯಾರೋ ಬಾಗಿಲು ಎತ್ತುತ್ತಾರೆ. ಇಲ್ಲಿ ಮೋಡವಿಲ್ಲದ ಬೆಳಗಿನಲ್ಲಿ ನೀರು ಮೊಳಕಾಲಿಗೆ ಬರುತ್ತದೆ. ದೊಡ್ಡ ಮೀನುಗಳು ದಂಡೆ ಬಿಟ್ಟು ಕರಿಮಡುವಿಗೆ ಇಳಿದಿವೆ. ಬಲೆ ಹಾಕಿದರೆ ಕಲ್ಲಿಗೆ ಸಿಕ್ಕಿ ಚಿಂದಿ. ನಡುಬಂಡೆಯ ಮೇಲೆ ನಿಂತು ಗಾಳ ಹಾಕುವುದೊಂದೇ ದಾರಿ. ನನ್ನ ಬಲಗೈಯ ಎರಡು ಬೆರಳನ್ನು ಹರಿಗೋಲಿನ ಹಗ್ಗ ತಿಂದಿತಲ್ಲ, ಹಿಡಿತ ಸಾಲದು. ಕೋಲಿನ ಬುಡವನ್ನು ಸೊಂಟಕ್ಕೆ ಹಗ್ಗದಿಂದ ಕಟ್ಟಿಕೊಳ್ಳುತ್ತೇನೆ.

ಯುಗಾದಿಯ ಮರುದಿನ ಮನೆಯಲ್ಲಿ ಹೇಗೂ ಮಾಂಸದ ಅಡುಗೆ. ಅಂದು ಬೆಳಿಗ್ಗೆ ಇಳಿಯುತ್ತೇನೆ. ನಿಮ್ಮ ಹೊಸ ಕೋಲು ಬಂದರೆ ಅದರೊಂದಿಗೆ, ಬಾರದಿದ್ದರೆ ಬಾವಿಯ ಬಿದಿರು ಗಳುವಿನೊಂದಿಗೆ.

ಗಾದಿಲಿಂಗಪ್ಪ


ಆದೋನಿ
೧೦ ಮಾರ್ಚ್ ೧೯೫೭

ಹಠಮಾರಿ ಗಾದಿಲಿಂಗಪ್ಪನಿಗೆ,

ನೀನೇ ಗೆದ್ದೆ. ಸುಂಕಣ್ಣನ ಕೈಯಲ್ಲಿ ಹೊಸ ಕೋಲು ಕಳುಹಿಸುತ್ತಿದ್ದೇನೆ. ನೀನು ಗಳು ಹಿಡಿದು ಆ ಬಂಡೆಯ ಮೇಲೆ ನಿಂತಿರುವುದನ್ನು ಹಗಲಿನಲ್ಲೇ ಕಣ್ಣಮುಂದೆ ಕಂಡು, ತಿಂದ ಅನ್ನ ಮೈಗೆ ಹತ್ತಲಿಲ್ಲ.

ಈಗ ನಿನ್ನ ಪ್ರಾಣ ಎಲ್ಲಿದೆ ಎಂದು ಹೇಳುತ್ತೇನೆ. ಬಿದಿರಿನಲ್ಲಲ್ಲ, ಗಾಳದಲ್ಲಲ್ಲ. ಉಂಗುರ ಬಿಗಿದ ನೂಲಿನ ಮೇಲಿನ ಲೇಪದಲ್ಲಿದೆ. ಮೀನು ಎಳೆದಾಗ ದಾರ ಉಂಗುರಗಳಲ್ಲಿ ಹಾಯ್ದು ಕೋಲನ್ನು ಬಗ್ಗಿಸುತ್ತದೆ, ಕೋಲು ಬಾಗಿ ಭಾರ ಹೊರುತ್ತದೆ. ಉಂಗುರ ಕಿತ್ತರೆ ದಾರ ಕೋಲನ್ನು ಬಿಟ್ಟು ನೆಟ್ಟಗಾಗುತ್ತದೆ. ಆಮೇಲೆ ಮೀನು ಎಳೆಯುವುದು ಕೋಲನ್ನಲ್ಲ, ನಿನ್ನ ಸೊಂಟವನ್ನು.

ಲೇಪಕ್ಕೆ ಮೂರು ವೇಷಧಾರಿಗಳು ನನ್ನ ಮುಂದೆ ನಿಂತರು. ಅರಗು ಮೊದಲನೆಯದು. ನಮ್ಮ ಕಿರೀಟಗಳಿಗೆ ಅದೇ. ದೀಪದ ಮುಂದೆ ಅದರ ಹೊಳಪಿಗೆ ಸಾಟಿಯಿಲ್ಲ, ಆದರೆ ಬಾಗಲು ಬಾರದು. ಕೋಲು ಬಗ್ಗಿದೊಡನೆ ಬಿರಿಯುತ್ತದೆ. ವಾರ್ನಿಷ್ ಬಾಗುತ್ತದೆ, ಆದರೆ ಹೊಳೆಯಲ್ಲಿ ಅದರ ಗತಿ ನೀನೇ ಕಂಡಿದ್ದೀಯೆ. ಮೂರನೆಯದು, ಹತ್ತಿ ಗಿರಣಿಗೆ ಯಂತ್ರ ಕೂರಿಸಲು ಬಂದು ನನ್ನಿಂದ ಗಾಳದ ಕೋಲು ಮಾಡಿಸಿಕೊಂಡ ಎಂಜಿನಿಯರೊಬ್ಬರು ಮೆಚ್ಚಿ ಕೊಟ್ಟುಹೋದ ಎರಡು ಟ್ಯೂಬು. ಎಪಾಕ್ಸಿ ಎಂದು ಅದರ ಹೆಸರು. ಒಂದರಲ್ಲಿ ಜೇನಿನಂಥದ್ದು, ಇನ್ನೊಂದರಲ್ಲಿ ಅದನ್ನು ಕಲ್ಲು ಮಾಡುವಂಥದ್ದು. ಬೇರೆಬೇರೆ ಇರುವಾಗ ಇಬ್ಬರೂ ಸಾಧುಗಳು. ಕೂಡಿದರೋ, ಬಿಡಿಸಲು ಬ್ರಹ್ಮನಿಗೂ ಆಗದು. ಒಂದು ಬಿದಿರ ತುಂಡಿಗೆ ಬಳಿದು ನೀರಿನ ಹಂಡೆಯಲ್ಲಿ ವಾರಗಟ್ಟಲೆ ಮುಳುಗಿಸಿಟ್ಟಿದ್ದೆ. ತೆಗೆದಾಗ ಗಾಜು, ಅದೂ ಬಾಗುವ ಗಾಜು. ಇದನ್ನೇ ಆರಿಸಿದ್ದೇನೆ.

ಸುಂಕಣ್ಣ ನಾಳೆಯೇ ಹೊರಡುತ್ತಾನಂತೆ. ಮತ್ತೆ ಬರುವುದು ಹಬ್ಬದ ನಂತರ. ಹಸಿ ಲೇಪಕ್ಕೆ ಕುರಿ ಲಾರಿಯ ಧೂಳು ಕೂತರೆ ಕೆಟ್ಟಿತು. ಆದ್ದರಿಂದ ನೂಲು ಬಿಗಿದು ಬರಿದಾಗಿಯೇ ಕಳುಹಿಸಿದ್ದೇನೆ, ನೀನೇ ಬಳಿ. ಭಾವ, ನೀವೇ ಬಂದು ಬಳಿದುಕೊಡಬಾರದೆ ಎಂದು ಕೇಳುವೆ. ಮುಂದಿನ ಸಾಲಿಗೆ ಹೋಗೋಣ.

ಬೆಳಗಿನ ತಂಪಿನಲ್ಲಿ ಮಾಡು. ಬಿಸಿಲೇರಿದರೆ ಕಲಸಿದ್ದು ಕಲಸಿದಲ್ಲೇ ಕಲ್ಲಾಗುತ್ತದೆ. ಗಾಜಿನ ತುಂಡಿನ ಮೇಲೆ ಎರಡನ್ನೂ ಸಮಸಮ ಹಿಂಡು. ಗಟ್ಟಿಮಾಡುವುದನ್ನು ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿಯಾದೀತೆಂಬ ಬುದ್ಧಿವಂತಿಕೆ ಬೇಡ. ಎಂದೆಂದಿಗೂ ಅಂಟಂಟಾಗಿ ಉಳಿದೀತು. ಮೆಲ್ಲಗೆ ಕಲಸು, ಅವಸರ ಮಾಡಿದರೆ ಗುಳ್ಳೆ ಏಳುತ್ತದೆ. ಎದ್ದರೆ ಕೆಂಡದ ಬಟ್ಟಲನ್ನು ಮೊಳ ದೂರ ಹಿಡಿ, ಕಾವಿಗೆ ತಾನೇ ಒಡೆಯುತ್ತದೆ. ಎಣ್ಣೆ ಈ ಅಂಟಿನ ಸವತಿ. ಕೈಯಲ್ಲಿ ಜಿಡ್ಡಿರಬಾರದು, ಬೂದಿಯಿಂದ ಉಜ್ಜಿ ತೊಳೆದು ಆರಿಸಿಕೊ. ಬಳಿದಮೇಲೆ ಕೋಲು ನಿಲ್ಲಬಾರದು. ನಿಂತರೆ ಲೇಪ ಕೆಳಗಿಳಿದು ಹೊಟ್ಟೆ ಬರುತ್ತದೆ. ನನ್ನ ಅತ್ತೆ ನೂಲುವ ರಾಟಿಗೆ ಬುಡ ಕಟ್ಟಿ, ತುದಿಯನ್ನು ಕವೆಗೋಲಿನ ಮೇಲಿಟ್ಟು, ಬೆರಳಿಗೆ ಅಂಟದಷ್ಟಾಗುವವರೆಗೆ ನಿಧಾನವಾಗಿ ತಿರುಗಿಸುತ್ತಿರು.

ಉಳಿದದ್ದು ಹೊಳೆಗೆ ಬಿಟ್ಟದ್ದು.

ನರಸಪ್ಪ


ನಾಗಲದಿನ್ನೆ
೨೬ ಮಾರ್ಚ್ ೧೯೫೭

ಭಾವನವರ ಪಾದಗಳಿಗೆ,

ಗಾಜು ಅಂದರೆ ಗಾಜು. ಊರಿನವರು ಬಂದು ಬಂದು ನೋಡಿ ಹೋಗುತ್ತಿದ್ದಾರೆ. ದೋಣಿಕಟ್ಟೆಯ ಉರುಕುಂದಪ್ಪ, “ಇದಕ್ಕ ಮೀನು ಬೀಳಾಂಗಿಲ್ಲಪ್ಪ, ಮುಖ ನೋಡ್ಕೊಂಡು ಹೋಗಾಕ ಬರ್ತಾವ” ಎಂದ.

ನೀವು ಬರೆದದ್ದರಲ್ಲಿ ಒಂದಕ್ಷರ ಬಿಡಲಿಲ್ಲ. ಬೂದಿ ಹಾಕಿ ಕೈ ತೊಳೆದು ತೊಳೆದು ಚರ್ಮ ಬಿಳಿಚಿತು. ರಾಮಲಕ್ಷ್ಮಿ ಕೆಂಡ ಹಿಡಿದಳು, ಅಮ್ಮ ರಾಟಿ ತಿರುಗಿಸಿದಳು. “ಹತ್ತಿ ನೂತೀನಿ, ಉಣ್ಣಿ ನೂತೀನಿ, ಬಿದ್ರು ನೂಲೋ ಕರ್ಮ ಈ ವಯಸ್ಸಿನ್ಯಾಗ ಬಂತಲ್ಲೋ” ಎಂದು ಅಮ್ಮ ಗೊಣಗಿದರೆ, ಮಗಳು, “ಸುಮ್ಕ ತಿರುವಬೇ ಅಜ್ಜಿ, ಮರಿಮೊಮ್ಮಗನ ತೊಟ್ಲಾ ತೂಗಾಕ ಹತ್ತೀನಿ ಅಂತ ತಿಳಕಾ” ಎಂದಳು. ಮೂವರೂ ನಕ್ಕೆವು. ನಗುತ್ತಿದ್ದವಳು ಹಾಗೆಯೇ ಹೊಟ್ಟೆ ಹಿಡಿದು ಕುಳಿತಳು. ನೋವಲ್ಲ. ಹಿಂದಿನ ದಿನದಿಂದ ಒಳಗೆ ಅಲುಗಿರಲಿಲ್ಲವಂತೆ. ಸೂಲಗಿತ್ತಿ ಮಹಾಂತಮ್ಮ ಬಂದು ಕಿವಿಯಿಟ್ಟು, ಜೀವ ಐತಿ, ಮುನಿಸಿಕೊಂಡೈತಿ ಎಂದು ಹೇಳಿ ಹೋದಳು. ಆರನೆಯ ತಿಂಗಳು ನಡೆಯುತ್ತಿದೆ. ಇನ್ನು ತಡಮಾಡುವಂತಿಲ್ಲ.

ಅಂದಹಾಗೆ, ಗಾಜಿನೊಳಗೆ ಅಮ್ಮನ ಅರಿಶಿನ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತೆ. ಸುಂಕಣ್ಣ ಕೋಲು ತಂದ ದಿನ ಅಮ್ಮ ಅದನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು. ಹೊಸ ನೇಗಿಲಾಗಲಿ ಹರಿಗೋಲಿನ ಹೊಸ ಹುಟ್ಟಾಗಲಿ, ಎಣ್ಣೆ ಅರಿಶಿನ ಹಚ್ಚದೆ ನಮ್ಮ ಮನೆಯೊಳಗೆ ಬಂದದ್ದುಂಟೆ? ಎಳ್ಳೆಣ್ಣೆಯಲ್ಲಿ ಅರಿಶಿನ ಕಲಸಿ, ಒಂದೊಂದು ಉಂಗುರದ ನೂಲಿಗೂ ಹೆಬ್ಬೆರಳು ಒತ್ತಿ, ಮದುಮಗಳಂತೆ ಒಳಗೆ ಕರೆದುಕೊಂಡಳು. ಆ ಹೆಬ್ಬೆರಳ ಗೆರೆಗಳು ಈಗ ಗಾಜಿನ ಕೆಳಗೆ ಹಳದಿಯಾಗಿ ಹಾಗೆಯೇ ನಿಂತಿವೆ. ತಾಯಿಯ ಬೆರಳು ಕಾಯುವ ಕೋಲಿದು. ಹೆದರಬೇಡಿ.

ಹಬ್ಬದ ಮರುದಿನ ಬಿಸಿಲು ಬಲಿಯುವ ಮೊದಲೇ ಬಂಡೆಯ ಮೇಲಿರುತ್ತೇನೆ.

ಗಾದಿಲಿಂಗಪ್ಪ


ಆದೋನಿ
ಯುಗಾದಿ, ೧ ಏಪ್ರಿಲ್ ೧೯೫೭

ಗಾದಿಲಿಂಗಪ್ಪಾ,

ಇಳಿಯಬೇಡ.

ಮೊನ್ನೆ ನಿನ್ನ ಕಾಗದ ಬಂತು. ನಿನ್ನ ಅಕ್ಕನಿಗೆ ಓದಿ ಹೇಳುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು. ಅರಿಶಿನದ ಸಾಲಿಗೆ ಬಂದೆ. ಕೈಯಲ್ಲಿ ಎಣ್ಣೆಯಿರಬಾರದು ಎಂದು ಬರೆದೆ. ನೂಲಿನಲ್ಲಿ ಇರಬಾರದು ಎಂದು ಬರೆಯಲಿಲ್ಲ. ಅತ್ತೆಯ ಹೊಸ್ತಿಲು ನನ್ನ ನೆನಪಿಗೆ ಬರಲಿಲ್ಲ.

ಒಂದು ತೊಟ್ಟು ಎಣ್ಣೆಯಿಂದ ಏನಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿ, ಎತ್ತಿಟ್ಟಿದ್ದ ಚೂರು ಅಂಟಿನಿಂದ ಪರೀಕ್ಷೆ ಮಾಡಿದೆ. ಬಿದಿರ ತುಂಡಿಗೆ ನೂಲು ಸುತ್ತಿ, ಎಳ್ಳೆಣ್ಣೆ ಅರಿಶಿನ ಒತ್ತಿ, ಮೇಲೆ ಬಳಿದೆ. ನೋಡಲು ಅದೂ ಗಾಜೇ. ಇಂದು ಬೆಳಿಗ್ಗೆ ಬೇವು ಬೆಲ್ಲ ಬಾಯಿಗೆ ಹಾಕುವ ಮೊದಲು ತುಂಡನ್ನು ಬಗ್ಗಿಸಿದೆ. ಲೇಪ ಹಾವಿನ ಪೊರೆಯಂತೆ ಇಡಿಯಾಗಿ ಕಳಚಿ ಬಂತು. ಎಣ್ಣೆ ಕುಡಿದ ನೂಲು ಜಾರಿ, ಉಂಗುರ ಟಪ್ಪೆಂದು ಗೋಡೆಗೆ ಹಾರಿತು.

ತಂತಿ ಕೊಡಲು ಓಡಿದೆ. “ನಾಗಲದಿನ್ನೆಕು ತಂತಿ ಲೇದಪ್ಪಾ, ಇಲ್ಲ. ಮನಿಷಿ ನಡೆದು ಹೋಗಬೇಕು. ಹಬ್ಬ, ನಾಡಿದ್ದು ನೋಡೋಣ” ಎಂದ ಅಲ್ಲಿದ್ದವನು. ನಾಡಿದ್ದು ಯಾವ ಬಂಡೆಯ ಮೇಲೆ ನಿನ್ನನ್ನು ಹುಡುಕಲಿ?

ಈ ಕಾಗದದ ಕಾಲು ನಿಧಾನ, ನಾಳೆಯೊಳಗೆ ಮುಟ್ಟದು. ಆದರೂ ಅಂಚೆಗೆ ಹಾಕುತ್ತೇನೆ. ನಾನೇ ಹೊರಟಿದ್ದೇನೆ, ಹೊಳೆಯ ಕಡೆಗೆ. ನನ್ನ ಕಾಲು ನಡುವೆ ಕೈಕೊಟ್ಟರೆ ಈ ಕಾಗದವಾದರೂ ಮುಟ್ಟಲಿ.

ನರಸಪ್ಪ


ಆದೋನಿ
೪ ಏಪ್ರಿಲ್ ೧೯೫೭

ಈ ಕಾಗದ ಒಡೆಯುವವರು ಯಾರೋ, ಅವರಿಗೆ.

ಗಾದಿಲಿಂಗಪ್ಪ, ನೀನೇ ಆಗಿದ್ದರೆ ಓದು. ಅತ್ತೆ ಹುಲುಗಮ್ಮನವರಿಗೆ ಯಾರಾದರೂ ಓದಿ ಹೇಳುತ್ತಿದ್ದರೆ, ಇಲ್ಲಿಗೆ ನಿಲ್ಲಿಸಿ, ಅವರನ್ನು ಕುಳ್ಳಿರಿಸಿ ಮುಂದೆ ಓದಿ.

ಎಮ್ಮಿಗನೂರಿನವರೆಗೆ ಬಸ್ಸು, ಅಲ್ಲಿಂದ ಗಾಡಿ, ಗಾಡಿ ಬಿಟ್ಟಲ್ಲಿಂದ ನಡಿಗೆ. ಬೆಳಕು ಹರಿದಿತ್ತು. ಜೋಳದ ಕೂಳೆಯ ಹೊಲ ಹತ್ತಿ ದಿಬ್ಬದ ಮೇಲೆ ಬಂದಾಗ ಹೊಳೆ ಕಂಡಿತು. ಇಷ್ಟು ವರ್ಷದ ಮೇಲೆ, ಅದೇ ಬಣ್ಣ. ನಡುಬಂಡೆಯ ಮೇಲೆ ನೀನು ನಿಂತಿದ್ದೆ. ಸೊಂಟದಲ್ಲಿ ಹಗ್ಗ. ಕೋಲು ಬಿಲ್ಲಿನಂತೆ ಬಾಗಿತ್ತು. ಮೀನು ಆಗಲೇ ಹಿಡಿದಿತ್ತು.

ದಿಬ್ಬ ಇಳಿದು ಮರಳಿಗೆ ಬಂದೆ. ಅಲ್ಲಿಂದ ಮುಂದೆ ಕಾಲು ಬರಲಿಲ್ಲ. ರಂಗದ ಮೇಲೆ ನೂರು ಜನರನ್ನು ಹೊಡೆದುರುಳಿಸಿದ ಕಾಲು, ಒದ್ದೆ ಮರಳಿನ ಮುಂದೆ ನಿಂತುಬಿಟ್ಟಿತು. ಕೂಗುವುದೊಂದೇ ಉಳಿದದ್ದು. ಎಲ್ಲಿ ಕೂಗಬಾರದೋ ಅಲ್ಲಿ. ನೀರಿನ ಮುಖ ನೋಡುತ್ತಾ ಕೂಗಲಾರದೆ ಬೆನ್ನು ತಿರುಗಿಸಿ ನಿಂತೆ. ಹಗ್ಗ ಕೊಯ್ಯಿ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಆ ಹಳೆಯ ಮಾತೇ: “ನೀರಿನಲ್ಲಿರುವವನೇ, ಹೆಸರು ಹಿಡಿದು ಕರೆಯುತ್ತಿದ್ದೇನೆ, ಎದ್ದು ಬಾ. ಗಾದಿಲಿಂಗಪ್ಪಾ, ಹಗ್ಗ ಕೊಯ್ಯಿ, ಎದ್ದು ಬಾ.” ದಿಬ್ಬ ನನ್ನ ದನಿಯನ್ನು ಹಿಂದಕ್ಕೆ ಎಸೆಯಿತು. ಮೂರನೆಯ ಕೂಗು ಬಾಯಲ್ಲಿರುವಾಗಲೇ ಬೆನ್ನ ಹಿಂದೆ ನೀರು ಒಡೆದ ಸದ್ದು. ಆಮೇಲೆ ಏನೂ ಇಲ್ಲ.

ತಿರುಗಿ ನೋಡಲಿಲ್ಲ. ಒಮ್ಮೆ ನೋಡಿದ್ದೆನಲ್ಲ, ಮುಚ್ಚಿಕೊಂಡ ನೀರು. ಇನ್ನೊಮ್ಮೆ ನೋಡುವ ಎದೆ ಇರಲಿಲ್ಲ. ನಡೆದೆ. ದಿಬ್ಬ ಹತ್ತುವಾಗ ಹಿಂದಿನಿಂದ ಹೆಜ್ಜೆ ಕೇಳಿತು. ಒದ್ದೆ ಬಟ್ಟೆ ತೊಡೆಗೆ ಬಡಿಯುವ ಸದ್ದು. ಮಾತಿಲ್ಲದ ಒಂದು ದನಿ, ನೀರು ತುಂಬಿದ ಗಂಟಲಿನಿಂದ ಹೊರಟದ್ದು, ನನ್ನನ್ನು ಕರೆಯಿತು. ಬಜಾರಪ್ಪ ಎಂದುಕೊಂಡೆ. ಕರೆದೆನಲ್ಲ, ಬಂದ. ಕೂಳೆ ಕಾಲಿಗೆ ಚುಚ್ಚುತ್ತಿದ್ದರೂ ಓಡಿದೆ. ಓಡುತ್ತಾ ಓಡುತ್ತಾ ಗಾಡಿದಾರಿ ಮುಟ್ಟಿದೆ.

ಮನೆಗೆ ಬಂದಾಗ ನಿನ್ನ ಅಕ್ಕ, “ನನ್ನ ತಮ್ಮನ್ನ ಕಂಡ್ರ್ಯಾ? ಹೆಂಗದಾನ?” ಎಂದಳು. “ಹೊಳ್ಯಾಗ ಅದಾನ” ಎಂದೆ. “ಅಂವಾ ಯಾವಾಗ ಹೊಳ್ಯಾಗ ಇರಂಗಿಲ್ಲ?” ಎಂದು ನಕ್ಕು ಒಳಗೆ ಹೋದಳು. ಆ ನಗು ಎರಡು ದಿನದಿಂದ ನನ್ನ ಕುತ್ತಿಗೆಗೆ ಸುತ್ತಿಕೊಂಡಿದೆ.

ಏನಾಯಿತೋ ಬರೆಯಿರಿ. ಕಾಗದ ಒಡೆಯುವ ಧೈರ್ಯ ನನಗಿಲ್ಲ. ಮೇಲಿನ ವಿಳಾಸ ಯಾರ ಕೈಬರಹ ಎಂದು ನೋಡಿದರೆ ಸಾಕು, ತಿಳಿಯುತ್ತದೆ.

ನರಸಪ್ಪ


ನಾಗಲದಿನ್ನೆ
೯ ಏಪ್ರಿಲ್ ೧೯೫೭

ಭಾವನವರಿಗೆ,

ವಿಳಾಸ ನಾನೇ ಬರೆದಿದ್ದೇನೆ. ಎಂದಿಗಿಂತ ದೊಡ್ಡ ಅಕ್ಷರದಲ್ಲಿ. ಈಗ ಧೈರ್ಯವಾಗಿ ಮುಂದೆ ಓದಿ.

ಹಬ್ಬದ ದಿನ ನೀವು ಬರೆದದ್ದು ಮೊನ್ನೆ ಬಂತು, ಆಮೇಲಿನದು ಇಂದು ಬಂತು. ಅಲ್ಲಿಯವರೆಗೆ ನಾನು ಬರೆಯದೆ ಇದ್ದುದಕ್ಕೆ ಕಾರಣ ಸಿಟ್ಟು. ಊರಿನವರೆಗೆ ಬಂದು, ಮನೆಯಲ್ಲಿ ಒಂದು ಲೋಟ ನೀರು ಕುಡಿಯದೆ, ಅಮ್ಮನ ಮುಖ ನೋಡದೆ ಹೋದಿರಲ್ಲ. “ಅಳಿಯಾ ಅಂತ ಅಳಿಯ. ಕೂಗಿ ಹೋದ, ದಾಸಯ್ಯ ಬಂದಂಗ” ಎಂದು ಅಮ್ಮ ವಾರವೆಲ್ಲ ಬೈದಳು.

ಮೀನು ನನ್ನ ತೊಡೆಗಿಂತ ದಪ್ಪವಿತ್ತು, ಭಾವ. ಒಮ್ಮೆ ಮೇಲೆ ಬಂದು ಮೀಸೆ ತೋರಿಸಿ ಒಳಗೆ ಹೋಯಿತು. ಆಗ ತುದಿಯ ಉಂಗುರ ಹಾರಿತು. ಜೋಳ ಸಿಡಿದಷ್ಟೇ ಸದ್ದು. ಅದರ ಕೆಳಗಿನದು. ಮತ್ತೆ ಅದರ ಕೆಳಗಿನದು. ಮೇಲಿನಿಂದ ಕೆಳಕ್ಕೆ, ಯಾರೋ ಮೆಟ್ಟಿಲಿಳಿದು ನನ್ನ ಕಡೆಗೆ ಬರುತ್ತಿದ್ದಂತೆ. ನಾನು ಸುಮ್ಮನೆ ನೋಡುತ್ತಿದ್ದೆ. ಸೊಂಟದಲ್ಲಿ ಕುಡುಗೋಲಿದೆ ಎಂಬುದೇ ಮರೆತಿತ್ತು. ಅಂಥ ಹೊತ್ತಿನಲ್ಲಿ ನಿಮ್ಮ ದನಿ. ಹಗ್ಗ ಕೊಯ್ಯಿ ಎಂದಿರಿ, ಕೈ ಕೊಯ್ಯಿತು. ನಾನು ಯೋಚಿಸಲಿಲ್ಲ. ಕೋಲು ಹೋದ ರಭಸಕ್ಕೆ ನಾನೂ ಜಾರಿ ಬಿದ್ದೆ. ಅದೇ ನೀವು ಕೇಳಿದ ಸದ್ದು.

ಎದ್ದು ಬಂದೆ, ಭಾವ. ಮೂಗು ಬಾಯಿಯಲ್ಲೆಲ್ಲ ಹೊಳೆ. ನೀವು ದಿಬ್ಬ ಹತ್ತುತ್ತಿದ್ದಿರಿ. ನಿಮ್ಮ ಹಿಂದೆ ಓಡಿದೆ. ಭಾವಾ ಎಂದು ಕರೆಯಲು ಹೋದರೆ ಗಂಟಲಿನಿಂದ ನೀರೇ ಬಂತು. ನಾನು ಹತ್ತಿರ ಬಂದಷ್ಟೂ ನೀವು ಜೋರಾಗಿ ಓಡಿದಿರಿ. ನಿಮ್ಮ ಬೆನ್ನಟ್ಟಿ ಬಂದವನು ಬಜಾರಪ್ಪನಲ್ಲ, ನಿಮ್ಮ ಹೆಂಡತಿಯ ತಮ್ಮ. ಓಡಲಾರದೆ ಕೂಳೆಯ ನಡುವೆ ಕುಳಿತು ಹಿಂದಕ್ಕೆ ತಿರುಗಿ ನೋಡಿದೆ. ಹೊಳೆ ಏರುತ್ತಿತ್ತು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ನೋಡನೋಡುತ್ತಿದ್ದಂತೆ ನಡುಬಂಡೆ ಮುಳುಗಿತು. ಅಂದಿನಿಂದ ಹರಿಗೋಲಿಗೆ ಕಾಲಿಡುವ ಮುನ್ನ ನಾನೂ ಒಮ್ಮೆ ದಡದಲ್ಲಿ ನಿಂತು ನೀರು ನೋಡುತ್ತೇನೆ. ಈಗ ನಾವಿಬ್ಬರೂ ಒಂದೇ ಕಂಪನಿ.

ಮೀನು ಸಿಗಲಿಲ್ಲ. ಮಗಳಿಗೆ ಹೇಗೆ ಹೇಳಲಿ ಎಂದು ಬರಿಗೈಯಲ್ಲಿ ಮನೆಗೆ ಬಂದರೆ, ಆಕೆ ಹಿತ್ತಲಲ್ಲಿ ಗೋಡೆ ಹಿಡಿದು ನಿಂತಿದ್ದಳು. “ಅಪ್ಪಾ, ಮಾವ ಕೂಗಿದ್ದು ಇಲ್ಲಿ ತನಕ ಕೇಳ್ತು. ಕೇಳಿದ್ದೇ ತಡ, ಇದು ಒದೀತು ನೋಡು. ಅವಾಗಿಂದ ಸುಮ್ನ ಕುಂತಿಲ್ಲ” ಎಂದಳು. ಅಮ್ಮ ಇನ್ನೂ ಒಪ್ಪಿಲ್ಲ. ಮೀನು ಬಂದೇ ತೀರಬೇಕು ಎನ್ನುತ್ತಾಳೆ. ಆರು ಇನ್ನೂ ದಾಟಿಲ್ಲ. ನಾವೆಲ್ಲ ಉಸಿರು ಹಿಡಿದೇ ಇದ್ದೇವೆ.

ಕೋಲಿನ ತುದಿಯ ತುಂಡು ಮರುದಿನ ದಂಡೆಗೆ ತೇಲಿಬಂತು. ಅದರಿಂದ ಕಳಚಿದ ಒಂದು ಪೊರೆಯನ್ನು ಇದರೊಳಗೆ ಮಡಿಸಿಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡಿ. ಅಮ್ಮನ ಹೆಬ್ಬೆರಳು ಅಳಿಸಿಲ್ಲ.

ಇನ್ನೊಂದು ಕೋಲು ಬೇಕು. ಈ ಸಲ ಕಳುಹಿಸಬೇಡಿ, ನೀವೇ ತಂದು ಇಲ್ಲಿಯೇ ಕುಳಿತು ಬಳಿಯಿರಿ. ಅಮ್ಮ ಎಣ್ಣೆ ಕುಡಿಕೆಯನ್ನು ಅಟ್ಟಕ್ಕೆ ಏರಿಸಿದ್ದಾಳೆ, ಬರಿಯ ಕುಂಕುಮವಾದರೆ ನಡೆದೀತೇ ಎಂದು ಕೇಳುತ್ತಿದ್ದಾಳೆ. ಹಿಡಿಯುವುದು ದಂಡೆಯಿಂದ, ಇಬ್ಬರೂ ಕೂಡಿ. ಹೋಗುವಾಗ ಹಿಂದೆ ಹೆಜ್ಜೆ ಸದ್ದು ಕೇಳಿದರೆ, ಭಾವ, ಒಮ್ಮೆ ತಿರುಗಿ ನೋಡಿ.

ನಿಮ್ಮ
ಗಾದಿಲಿಂಗಪ್ಪ